12 ಇಂಚಿನ ದೂರದರ್ಶಕದಲ್ಲಿ ನೀಹಾರಿಕೆ, ಗೆಲಾಕ್ಸಿಗಳು ಹೇಗೆ ಕಾಣುತ್ತವೆ? ಮಲೆನಾಡಿನಲ್ಲಿ ಅದನ್ನು ಇಟ್ಟುಕೊಂಡು ಪ್ರಯೋಜನವಿದೆಯೇ?

ನೀವು ಕೇಳಿರುವುದು ಮೂರು ವಿಷಯ. 5 ಇಂಚಿನ ದೂರದರ್ಶಕದಲ್ಲಿ ಚಂದ್ರನನ್ನೂ ಶನಿಯ ಬಳೆಯನ್ನೂ ನೋಡಿ, ಈಗ 12 ಇಂಚು ಅಗಲದ ಕನ್ನಡಿಯಿರುವ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ತಿರುಗುವ ದೂರದರ್ಶಕ) ಕೊಳ್ಳಬೇಕೆಂದಿದ್ದೀರಿ. ಅದರಲ್ಲಿ ನೀಹಾರಿಕೆಗಳೂ ಗೆಲಾಕ್ಸಿಗಳೂ ಚಿತ್ರಗಳಲ್ಲಿರುವಂತೆ ಬಣ್ಣಬಣ್ಣವಾಗಿ ಕಾಣುತ್ತವೆಯೇ, ತೀರ್ಥಹಳ್ಳಿ ಕಡೆಯ ನಿಮ್ಮ ಊರಿನ ಮನೆಯಲ್ಲಿ ಅದನ್ನು ಇಟ್ಟುಕೊಂಡರೆ ಉಪಯೋಗವಾದೀತೇ, ಆಕಾಶದ ವಸ್ತುವನ್ನು ಹಿಂಬಾಲಿಸುವ ಮೋಟಾರು ಬೇಕೇ ಬೇಕೆ ಎಂಬುದು ನಿಮ್ಮ ಪ್ರಶ್ನೆ. ನಾನೂ ಅದೇ ಸೀಮೆಯವನು. ಅದೇ ಅಳತೆಯ ದೂರದರ್ಶಕವನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಚಿತ್ರದಲ್ಲಿರುವ ಬಣ್ಣ ಕಾಣುವುದಿಲ್ಲ. ಉಪಯೋಗ ಖಂಡಿತ ಇದೆ, ಆದರೆ ನಮ್ಮ ಕಡೆ ಒಂದು ರಾತ್ರಿಯ ನೋಟ ಹೇಗಿರುತ್ತದೆ ಎಂಬುದನ್ನು ನಿರ್ಧರಿಸುವುದು ಕನ್ನಡಿಯ ಅಗಲಕ್ಕಿಂತ ಹೆಚ್ಚಾಗಿ ಗಾಳಿಯಲ್ಲಿರುವ ತೇವ ಮತ್ತು ತಲೆಯ ಮೇಲೆ ತೆರೆದಿರುವ ಆಕಾಶ. ಅಂಗಡಿಯವರು ಇದನ್ನು ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಬಣ್ಣದ ಮಾತನ್ನು ಮೊದಲು ಮುಗಿಸೋಣ. ಕಣ್ಣಿನಲ್ಲಿ ಬಣ್ಣವನ್ನು ಗುರುತಿಸುವ ಶಂಕುಕೋಶಗಳಿಗೆ ಧಾರಾಳವಾಗಿ ಬೆಳಕು ಬೇಕು. ಮಂದ ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ. ಕ್ಯಾಮೆರಾ ಒಂದೇ ವಸ್ತುವಿನ ಬೆಳಕನ್ನು ಗಂಟೆಗಟ್ಟಲೆ ಕೂಡಿಸಿಕೊಳ್ಳಬಲ್ಲದು, ಕಣ್ಣಿಗೆ ಆ ಸೌಲಭ್ಯವಿಲ್ಲ. ಹೀಗಾಗಿ ಹೆಚ್ಚಿನ ನೀಹಾರಿಕೆಗಳೂ ಎಲ್ಲ ಗೆಲಾಕ್ಸಿಗಳೂ ಬೂದು ಬಣ್ಣದಲ್ಲಿಯೇ ಕಾಣುತ್ತವೆ. ಇದಕ್ಕೆ ಅಪವಾದಗಳಿವೆ. ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಖಡ್ಗದಲ್ಲಿರುವ ಎಂ 42 (ಎಂ ಎಂದರೆ ಮೆಸ್ಸಿಯೇ ಪಟ್ಟಿಯ ಸಂಖ್ಯೆ) ನೀಹಾರಿಕೆಯ ನಡುಭಾಗದಲ್ಲಿ ತಿಳಿಹಸಿರು ಛಾಯೆ ಸ್ಪಷ್ಟವಾಗಿ ಕಾಣುತ್ತದೆ. ಫೆಬ್ರವರಿ, ಮಾರ್ಚ್ ರಾತ್ರಿಗಳಲ್ಲಿ ಕಾಣುವ, 'ಗುರುವಿನ ಭೂತ' ಎಂಬ ಅಡ್ಡಹೆಸರಿನ ಎನ್‌ಜಿಸಿ 3242 ಎಂಬ ಗ್ರಹೀಯ ನೀಹಾರಿಕೆ (ಸಾಯುತ್ತಿರುವ ನಕ್ಷತ್ರ ಹೊರಚೆಲ್ಲಿದ ಅನಿಲ) ನೀಲಿ ಬೆರೆತ ಹಸಿರು ಬಿಲ್ಲೆಯಾಗಿ ಕಾಣುತ್ತದೆ. ಇವುಗಳ ಬೆಳಕಿನ ಬಹುಭಾಗ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದಿಂದ, 500 ನ್ಯಾನೋಮೀಟರಿನ ಆಸುಪಾಸಿನಲ್ಲಿ ಬರುತ್ತದೆ. ಕತ್ತಲಿಗೆ ಹೊಂದಿಕೊಂಡ ಕಣ್ಣು ಅತ್ಯಂತ ಚುರುಕಾಗಿರುವುದೂ ಅಲ್ಲಿಯೇ. ಕೆಂಪು ಛಾಯೆಯ ಹೈಡ್ರೋಜನ್ ಬೆಳಕಿಗೆ ಕತ್ತಲಲ್ಲಿರುವ ಕಣ್ಣು ಬಹುಮಟ್ಟಿಗೆ ಕುರುಡು. ಬಣ್ಣವೇ ಮುಖ್ಯ ಎನ್ನುವುದಾದರೆ ಕ್ಯಾಮೆರಾ ಅಳವಡಿಸಿದ ಸಣ್ಣ ಸ್ಮಾರ್ಟ್ ದೂರದರ್ಶಕವನ್ನು ಕೊಳ್ಳಿ, 12 ಇಂಚಿನದನ್ನು ಬೇಡ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ; ಅದೊಂದು ಬೇರೆಯೇ ಹವ್ಯಾಸ, ಅದಕ್ಕೆ ಅದರದ್ದೇ ಸಂತೋಷವಿದೆ.

ಹಾಗಾದರೆ ದೊಡ್ಡ ಕನ್ನಡಿಯಿಂದ ಸಿಗುವುದಾದರೂ ಏನು? ಇಲ್ಲಿ ಹೆಚ್ಚಿನವರ ಎಣಿಕೆ ತಪ್ಪುತ್ತದೆ. ಕತ್ತಲಲ್ಲಿ 7 ಮಿಲಿಮೀಟರಿನಷ್ಟು ಹಿಗ್ಗುವ ಕಣ್ಣಿನ ಪಾಪೆಗೆ ಹೋಲಿಸಿದರೆ 12 ಇಂಚಿನ, ಅಂದರೆ 305 ಮಿಲಿಮೀಟರಿನ ಕನ್ನಡಿ ಸುಮಾರು 1,900 ಪಟ್ಟು ಹೆಚ್ಚು ಬೆಳಕನ್ನು ಹಿಡಿಯುತ್ತದೆ ಎಂಬುದು ನಿಜ. ಆದರೆ ಹರಡಿಕೊಂಡಿರುವ ವಸ್ತುವಿನ ಮೇಲ್ಮೈಯನ್ನು ಯಾವ ದೂರದರ್ಶಕವೂ ಬರಿಗಣ್ಣಿಗೆ ಕಾಣುವುದಕ್ಕಿಂತ ಪ್ರಕಾಶಮಾನವಾಗಿಸಲಾರದು, ಏಕೆಂದರೆ ಹಿಡಿದ ಬೆಳಕನ್ನು ಅದು ಹಿಗ್ಗಿಸಿದ ಬಿಂಬದ ಮೇಲೆ ಹರಡಲೇಬೇಕು. 4 ಇಂಚಿನ ದೂರದರ್ಶಕದಲ್ಲಿ 20 ಪಟ್ಟು ಹಿಗ್ಗಿಸಿ ನೋಡಿದಾಗ ಐಪೀಸಿನಿಂದ (ನಾವು ಕಣ್ಣಿಟ್ಟು ನೋಡುವ ಮಸೂರದಿಂದ) ಹೊರಬರುವ ಬೆಳಕಿನ ಕಂಬಿಯ ಅಗಲ ಸುಮಾರು 5 ಮಿಲಿಮೀಟರ್. 12 ಇಂಚಿನದರಲ್ಲಿ 60 ಪಟ್ಟು ಹಿಗ್ಗಿಸಿದಾಗಲೂ ಅಷ್ಟೇ. ಎರಡರಲ್ಲಿಯೂ ನೀಹಾರಿಕೆಯ ಮೇಲ್ಮೈ ಒಂದೇ ಪ್ರಕಾರ ಮಂದವಾಗಿರುತ್ತದೆ. ವ್ಯತ್ಯಾಸವೆಂದರೆ ದೊಡ್ಡದರಲ್ಲಿ ಆ ಮಂದ ಬಿಂಬ ಅಗಲದಲ್ಲಿ 3 ಪಟ್ಟು, ವಿಸ್ತೀರ್ಣದಲ್ಲಿ 9 ಪಟ್ಟು ದೊಡ್ಡದು. ಮಂದ ವಸ್ತುವನ್ನು ಹಿನ್ನೆಲೆಯಿಂದ ಬೇರ್ಪಡಿಸಿ ಗುರುತಿಸಲು ಕಣ್ಣಿಗೆ ಗಾತ್ರವೇ ದೊಡ್ಡ ಸಹಾಯ. ಚಿಕ್ಕದರಲ್ಲಿ 'ಏನೋ ಇದೆ' ಎಂದಷ್ಟೇ ಹೇಳಬಹುದಾದ ಕಡೆ ದೊಡ್ಡದರಲ್ಲಿ ಅಂಚು, ಸೀಳು, ಗಂಟುಗಳನ್ನು ಗುರುತಿಸಬಹುದು. ಹೀಗೆಂದ ಮೇಲೆ ಮೇಲ್ಮೈಯೂ ಹಿನ್ನೆಲೆಯೂ ಒಟ್ಟಿಗೆ ಹಿಗ್ಗುತ್ತವೆ ಎಂಬುದನ್ನೂ ಗಮನಿಸಬೇಕು. ಹಿನ್ನೆಲೆಯ ಆಕಾಶವೇ ಬೆಳ್ಳಗಿದ್ದರೆ 12 ಇಂಚಾದರೂ 20 ಇಂಚಾದರೂ ಗೆಲಾಕ್ಸಿ ಅದರಲ್ಲಿ ಕರಗಿಹೋಗುತ್ತದೆ. ಬೆಂಗಳೂರಿನ ಮಹಡಿಯ ಮೇಲಿನ 12 ಇಂಚಿಗಿಂತ ಹೊಸನಗರದ ಗುಡ್ಡದ ಮೇಲಿನ 6 ಇಂಚು ಗೆಲಾಕ್ಸಿಗಳ ಮಟ್ಟಿಗೆ ಮೇಲು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ನಕ್ಷತ್ರಗಳ ಲೆಕ್ಕ ಬೇರೆ. ಅವು ಬಿಂದುಗಳಾದ್ದರಿಂದ ಹಿಡಿದ ಬೆಳಕೆಲ್ಲ ಬಿಂದುವಿಗೇ ಸೇರುತ್ತದೆ, ಹಿಗ್ಗಿಸಿದಂತೆ ಹಿನ್ನೆಲೆ ಮಾತ್ರ ಕಪ್ಪಾಗುತ್ತದೆ. ಆದ್ದರಿಂದ ದೊಡ್ಡ ಕನ್ನಡಿಯ ಪೂರ್ಣ ಲಾಭ ಗೋಳಾಕಾರದ ನಕ್ಷತ್ರಗುಚ್ಛಗಳಲ್ಲಿ ಸಿಗುತ್ತದೆ. 1714ರಲ್ಲಿ ಎಡ್ಮಂಡ್ ಹ್ಯಾಲಿ ಕಂಡ ಎಂ 13 ಗುಚ್ಛ 4 ಇಂಚಿನದರಲ್ಲಿ ಅಂಚು ಒರಟಾದ ಮಸುಕು ಉಂಡೆ. 12 ಇಂಚಿನದರಲ್ಲಿ ನಡುವಿನವರೆಗೂ ಬಿಡಿಬಿಡಿ ನಕ್ಷತ್ರಗಳು. ಆದರೆ ನಮ್ಮ ಅಕ್ಷಾಂಶದವರು ಎಂ 13ಕ್ಕಿಂತ ಮೊದಲು ನೋಡಬೇಕಾದದ್ದು ಒಮೆಗಾ ಸೆಂಟಾರಿ ಎಂಬ ಗುಚ್ಛ. ಯುರೋಪಿನ ಬಹುಭಾಗಕ್ಕೆ ಅದು ಕಾಣುವುದೇ ಇಲ್ಲ. ಶಿವಮೊಗ್ಗ ಸುಮಾರು 14 ಡಿಗ್ರಿ ಉತ್ತರದಲ್ಲಿರುವುದರಿಂದ ನಮ್ಮ ದಕ್ಷಿಣ ದಿಗಂತದ ಮೇಲೆ ಅದು 28 ಡಿಗ್ರಿಯಷ್ಟು ಎತ್ತರಕ್ಕೆ ಬರುತ್ತದೆ. ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿರುವ, ಅಂದಾಜು ಒಂದು ಕೋಟಿ ನಕ್ಷತ್ರಗಳ ಈ ಗುಚ್ಛ ಕತ್ತಲಿನ ಆಕಾಶದಲ್ಲಿ ಬರಿಗಣ್ಣಿಗೇ ಮಸುಕು ಚುಕ್ಕೆಯಾಗಿ ಕಾಣುತ್ತದೆ. ಮಾರ್ಚ್ ನಡುವಿನಲ್ಲಿ ಬೆಳಗಿನ ಜಾವ ಎರಡೂವರೆಯ ಸುಮಾರಿಗೆ ಅದು ನೇರ ದಕ್ಷಿಣದಲ್ಲಿರುತ್ತದೆ. 100 ಪಟ್ಟು ಹಿಗ್ಗಿಸಿದಾಗ ಐಪೀಸಿನ ಇಡೀ ನೋಟವನ್ನು ಅದು ತುಂಬಿಕೊಂಡು, ಎಲ್ಲಿ ಗುಚ್ಛ ಮುಗಿಯಿತು, ಎಲ್ಲಿ ಆಕಾಶ ಶುರುವಾಯಿತು ಎಂದು ಹೇಳಲಾಗುವುದಿಲ್ಲ. ಹಗಲೆಲ್ಲ ದುಡಿದು ಬಂದವರು ಕೂಡ ಇದಕ್ಕಾಗಿ ಅಲಾರಂ ಇಟ್ಟುಕೊಂಡು ಏಳಬಹುದು.

ಗೆಲಾಕ್ಸಿಗಳನ್ನು ನೋಡಲು ಕಣ್ಣಿಗೆ ಅಭ್ಯಾಸ ಬೇಕು. ಸಪ್ತರ್ಷಿ ಮಂಡಲದ ಬಾಲದ ತುದಿಯ ಸಮೀಪವಿರುವ ಎಂ 51ನ್ನೇ ತೆಗೆದುಕೊಳ್ಳಿ. ಐಪೀಸಿಗೆ ಕಣ್ಣಿಟ್ಟ ಕೂಡಲೇ ಕಾಣುವುದು ಅಕ್ಕಪಕ್ಕದಲ್ಲಿ ಎರಡು ಮಸುಕು ಬೆಳಕು, ಒಂದು ದೊಡ್ಡದು, ಒಂದು ಚಿಕ್ಕದು. ನಮ್ಮ ನೆರೆಯವರೊಬ್ಬರು ಇದನ್ನು ನೋಡಿ, 'ಇದೆಂತ ಮಾರಾಯ್ರೇ, ಗಾಜಿಗೆ ಉಸಿರು ಬಿಟ್ಟ ಹಾಗಿದೆ' ಎಂದರು. ಮೊದಲ ನೋಟಕ್ಕೆ ಅದು ನ್ಯಾಯವಾದ ಮಾತೇ. ಈಗ ನೇರವಾಗಿ ಅದನ್ನೇ ದಿಟ್ಟಿಸದೆ ದೃಷ್ಟಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಬೇಕು. ಅಕ್ಷಿಪಟಲದ ನಡುವಿನಲ್ಲಿ ದಂಡಕೋಶಗಳಿಲ್ಲ, ಅವು ದಟ್ಟವಾಗಿರುವುದು ಸುತ್ತಿನಲ್ಲಿ. ಬಲಗಣ್ಣಿನಲ್ಲಿ ನೋಡುವವರು ವಸ್ತುವಿನ ಬಲಕ್ಕೆ ದೃಷ್ಟಿ ಇಡಬೇಕು, ಆಗ ವಸ್ತು ಮೂಗಿನ ಬದಿಗೆ ಬರುತ್ತದೆ; ಎಡಕ್ಕೆ ಇಟ್ಟರೆ ಕಣ್ಣಿನ ಕುರುಡುಚುಕ್ಕೆಯಲ್ಲಿ ಬಿದ್ದು ಮಾಯವಾಗುವ ಸಂಭವವಿದೆ. ಹೀಗೆ ಕೆಲವು ನಿಮಿಷ ಸಾವಧಾನವಾಗಿ, ಉಸಿರು ಬಿಗಿಹಿಡಿಯದೆ ನೋಡುತ್ತಿದ್ದರೆ ದೊಡ್ಡ ಬೆಳಕಿನ ಸುತ್ತ ಒಂದು ಮಂದ ಪ್ರಭೆ, ಅನಂತರ ಆ ಪ್ರಭೆಯಲ್ಲಿ ಒಂದೆಡೆ ಕಪ್ಪು ಬಿರುಕು, ಅನಂತರ ಸುತ್ತಿಕೊಂಡ ತೋಳಿನ ಒಂದು ತುಂಡು ಬಂದು ಹೋಗುತ್ತದೆ. ಮತ್ತೆ ಬರುತ್ತದೆ. ಈ ಸುರುಳಿಯನ್ನು ಮೊದಲು ಕಂಡವನು ಐರ್ಲೆಂಡಿನ ಬರ್ ಊರಿನ ಲಾರ್ಡ್ ರಾಸ್, 1845ರಲ್ಲಿ, ತಾನೇ ಕಟ್ಟಿಸಿದ 72 ಇಂಚಿನ ದೂರದರ್ಶಕದಿಂದ. ಅವನ ಕನ್ನಡಿ ತಾಮ್ರ ಮತ್ತು ತವರದ ಮಿಶ್ರಲೋಹದ್ದು; ಇಂದಿನ ಅಲ್ಯೂಮಿನಿಯಂ ಲೇಪದ ಗಾಜಿನ ಕನ್ನಡಿಯಷ್ಟು ಬೆಳಕನ್ನು ಅದು ಪ್ರತಿಫಲಿಸುತ್ತಿರಲಿಲ್ಲ. ಆದ್ದರಿಂದ ಒಳ್ಳೆಯ ರಾತ್ರಿಯಲ್ಲಿ 12 ಇಂಚಿನಲ್ಲಿ ಸುರುಳಿಯ ಸುಳಿವು ಸಿಗುವುದು ಆಶ್ಚರ್ಯವಲ್ಲ.

ಇದಕ್ಕೆಲ್ಲ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಕನಿಷ್ಠ ಅರ್ಧ ಗಂಟೆ ಬೇಕು. ನಡುವೆ ಯಾರಾದರೂ ಪ್ರೀತಿಯಿಂದ 'ಕಾಣ್ತದಾ, ಟಾರ್ಚ್ ಹಾಕ್ಲಾ?' ಎಂದು ಬೆಳಕು ಬಿಟ್ಟರೆ ಮತ್ತೆ ಮೊದಲಿನಿಂದ ಶುರು. ಮನೆಯವರಿಗೆಲ್ಲ ಕೆಂಪು ಕಾಗದ ಸುತ್ತಿದ ಟಾರ್ಚು ಹಂಚಿಬಿಡುವುದು ಸುಲಭ.

ಇನ್ನು ಮಲೆನಾಡಿನ ವಿಷಯ. ಜೂನಿನಿಂದ ಸೆಪ್ಟೆಂಬರಿನವರೆಗೆ ದೂರದರ್ಶಕವನ್ನು ಮರೆತುಬಿಡಿ. ಅಕ್ಟೋಬರಿನಲ್ಲಿ ಅದೃಷ್ಟ ನೋಡಬೇಕು. ಆಕಾಶಗಂಗೆಯ ಕೇಂದ್ರವಿರುವ ಧನು ರಾಶಿ ನಡುರಾತ್ರಿಯಲ್ಲಿ ಎತ್ತರದಲ್ಲಿರುವುದು ಸರಿಯಾಗಿ ಮಳೆಗಾಲದ ನಡುವೆ, ಆಗುಂಬೆಯಲ್ಲಿ ಧೋ ಎಂದು ಸುರಿಯುವಾಗ. ಅಲ್ಲಿಯ ಎಂ 8, ಎಂ 17, ಎಂ 22ರಂತಹ ಸೊಗಸಾದ ವಸ್ತುಗಳನ್ನು ನಾವು ಮಾರ್ಚ್, ಏಪ್ರಿಲ್ ತಿಂಗಳ ಬೆಳಗಿನ ಜಾವದಲ್ಲಿ ನೋಡಿಕೊಳ್ಳಬೇಕು. ನಮಗೆ ನಿಜವಾಗಿ ಸಿಗುವುದು ನವೆಂಬರ್ ನಡುವಿನಿಂದ ಮಾರ್ಚ್ ಕೊನೆಯವರೆಗಿನ ಅವಧಿ, ಅದರಲ್ಲಿಯೂ ಅಮಾವಾಸ್ಯೆಯ ಆಚೀಚಿನ ವಾರ. ಮಾರ್ಚ್ ಕಳೆದ ಮೇಲೆ ಬೇಣಕ್ಕೆ (ಹುಲ್ಲುಗಾವಲಿಗೆ) ಬಿದ್ದ ಬೆಂಕಿಯ ಹೊಗೆ, ಸಂಜೆಯ ಗುಡುಗು ಮೋಡ ಎರಡೂ ಸೇರಿ ಆಕಾಶ ಕದಡುತ್ತದೆ. ಹಾಗೆ ನೋಡಿದರೆ ಆಕಾಶ ಶುಭ್ರವಾಗಿರುವ ತಿಂಗಳುಗಳೇ ಅಡಿಕೆ ಕೊಯ್ಲಿನ ತಿಂಗಳುಗಳು. ಮನೆ ಮನೆಯ ಅಂಗಳದಲ್ಲಿ ರಾತ್ರಿ ಹತ್ತು, ಹನ್ನೊಂದರವರೆಗೆ ಸುಲಿಯುವವರಿಗಾಗಿ ದೊಡ್ಡ ಎಲ್‌ಇಡಿ ದೀಪ ಉರಿಯುತ್ತಿರುತ್ತದೆ, ಅಡಿಕೆ ಬೇಯಿಸುವ ಒಲೆಯ ಹೊಗೆ ಕಣಿವೆಯಲ್ಲಿಯೇ ನಿಂತಿರುತ್ತದೆ. ಅಂಗಳದ ಮೇಲೆ ಚಪ್ಪರ, ಅದರಾಚೆ ತೋಟ, ತೋಟದಾಚೆ ಗುಡ್ಡ. ತೆರೆದ ಆಕಾಶ ಎನ್ನುವುದು ಒಂದು ಕಿಂಡಿಯಷ್ಟೇ. ಕರೆಂಟು ಹೋಗಲಿ ಎಂದು ಹಾರೈಸುವ ಮನುಷ್ಯ ನಮ್ಮೂರಿನಲ್ಲಿ ನಾನೊಬ್ಬನೇ ಇರಬೇಕು.

ಆದ್ದರಿಂದ ಮನೆಯ ಅಂಗಳವನ್ನು ನೆಚ್ಚಿಕೊಳ್ಳಬೇಡಿ. ತೋಟ, ಗದ್ದೆಗಳಿರುವ ತಗ್ಗಿನಲ್ಲಿ ರಾತ್ರಿ ತಣ್ಣನೆಯ ತೇವದ ಗಾಳಿ ಇಳಿದು ನಿಲ್ಲುತ್ತದೆ. ಡಿಸೆಂಬರ್, ಜನವರಿಯಲ್ಲಿ ಎರಡು ಮೂರು ಗಂಟೆಗೆಲ್ಲ ಕಾವಳ ಕಟ್ಟುತ್ತದೆ. ಅದೇ ಹೊತ್ತಿಗೆ ಐವತ್ತು ಅರವತ್ತು ಮೀಟರ್ ಮೇಲಿರುವ ಜಂಬಿಟ್ಟಿಗೆಯ ಬೋಳುಗುಡ್ಡದ ಮೇಲೆ ಆಕಾಶ ತಿಳಿಯಾಗಿಯೇ ಇರುವುದುಂಟು, ಕೆಳಗಿನ ಕಾವಳವೇ ಊರಿನ ದೀಪಗಳನ್ನು ಮುಚ್ಚಿ ಉಪಕಾರ ಮಾಡುವುದೂ ಉಂಟು. ನಿಮ್ಮದೋ ನೆಂಟರದೋ ಬೇಣ ಇದ್ದು, ಜೀಪು ಹೋಗುವ ದಾರಿಯಿದ್ದರೆ ಅದೇ ಸರಿಯಾದ ಜಾಗ. ಶರಾವತಿ ಹಿನ್ನೀರಿನ ದಡದಲ್ಲಿ ದಕ್ಷಿಣ ದಿಗಂತ ಚೆನ್ನಾಗಿ ತೆರೆದಿರುವ ಜಾಗಗಳಿವೆ, ತ್ರಿಶಂಕುವನ್ನೂ ಒಮೆಗಾ ಸೆಂಟಾರಿಯನ್ನೂ ನೋಡಲು ಅನುಕೂಲ, ಆದರೆ ನೀರಿನ ಪಕ್ಕ ಇಬ್ಬನಿ ಇಮ್ಮಡಿ. ಕೊಡಚಾದ್ರಿಯಂತಹ ಕಡೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ಹೋಗುವ ಯೋಚನೆ ಮಾಡಬೇಡಿ. ಕತ್ತಲಲ್ಲಿ ಕಾಡುಕೋಣ ಎದುರಾದರೆ ಯಾವ ನೀಹಾರಿಕೆಯೂ ನೆನಪಿಗೆ ಬರುವುದಿಲ್ಲ.

ಇಬ್ಬನಿಯೇ ನಮ್ಮ ದೊಡ್ಡ ವೈರಿ. ಕೊಳವೆಯ ತಳದಲ್ಲಿರುವ ದೊಡ್ಡ ಕನ್ನಡಿ ಬಹಳ ಹೊತ್ತು ತಡೆಯುತ್ತದೆ. ಮೊದಲು ಮಸುಕಾಗುವುದು ಗುರಿ ಹಿಡಿಯುವ ಫೈಂಡರ್, ಆಮೇಲೆ ಐಪೀಸ್, ಆಮೇಲೆ ಮೇಲ್ತುದಿಯ ಚಿಕ್ಕ ಓರೆಗನ್ನಡಿ. ನೀಹಾರಿಕೆ ಏಕೋ ಮಂಕಾಯಿತು ಎಂದು ಹೊಸಬರು ಆಕಾಶವನ್ನು ದೂರುತ್ತಿರುವಾಗ ಹಲವು ಸಲ ಒದ್ದೆಯಾಗಿರುವುದು ಈ ಓರೆಗನ್ನಡಿ. ಕೊಳವೆಯ ಬಾಯಿಗೆ ಒಂದೂವರೆ ಅಡಿ ಮುಂದೆ ಚಾಚುವಂತೆ ಕಪ್ಪು ಫೋಮ್ ಹಾಳೆ ಸುತ್ತುವುದು, ಓರೆಗನ್ನಡಿಯ ಬೆನ್ನಿಗೆ 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಸಣ್ಣ ಹೀಟರ್ ಪಟ್ಟಿ ಅಂಟಿಸುವುದು, ಬಳಸದ ಐಪೀಸುಗಳನ್ನು ಸ್ವೆಟರಿನ ಒಳಜೇಬಿನಲ್ಲಿ ಬೆಚ್ಚಗಿಡುವುದು ಇಷ್ಟಾದರೆ ರಾತ್ರಿ ಪೂರ್ತಿ ಸಿಗುತ್ತದೆ. ಬಟ್ಟೆಯಿಂದ ಒರೆಸುವುದು ಮಾತ್ರ ಕೂಡದು, ಅಲ್ಯೂಮಿನಿಯಂ ಲೇಪ ಗೀರುಬೀಳುತ್ತದೆ. ಒದ್ದೆಯಾದ ಕನ್ನಡಿಗೆ ಕೂಡಲೇ ಮುಚ್ಚಳ ಹಾಕಬಾರದು. ಮನೆಯೊಳಗೆ ತೆರೆದಿಟ್ಟು ಪೂರ್ತಿ ಆರಿದ ಮೇಲೆ ಮುಚ್ಚಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಕನ್ನಡಿಯನ್ನೂ ಐಪೀಸುಗಳನ್ನೂ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಜೆಲ್ ತೇವ ಹೀರಿದಾಗಲೆಲ್ಲ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕುತ್ತಿರಬೇಕು. ನಮ್ಮ ಹಿರಿಯರು ಕೆಡಬಾರದ ವಸ್ತುವನ್ನೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಹಾಕುತ್ತಿದ್ದರು. ಅಲ್ಲಿ ಒಣಗಿರುತ್ತದೆ, ನಿಜ, ಮಸಿಯೂ ಇರುತ್ತದೆ.

ನಮ್ಮ ಜಾಗಕ್ಕೆ ಇರುವ ಒಂದು ವಿಶೇಷ ಅನುಕೂಲವನ್ನು ಹೇಳಲೇಬೇಕು. ಕನ್ಯಾ ರಾಶಿಯ ಗೆಲಾಕ್ಸಿ ಸಮೂಹ ಸುಮಾರು 5.4 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳು ಅದರಲ್ಲಿವೆ. ಅದರ ನಡುವಿನ ಎಂ 84, ಎಂ 86, ಎಂ 87 ಎಲ್ಲವೂ ಖಗೋಳದ ಸಮಭಾಜಕದಿಂದ (ಭೂಮಿಯ ಸಮಭಾಜಕಕ್ಕೆ ನೇರ ಮೇಲೆ ಆಕಾಶದಲ್ಲಿ ಕಲ್ಪಿಸಿದ ವೃತ್ತದಿಂದ) 12ರಿಂದ 13 ಡಿಗ್ರಿ ಉತ್ತರಕ್ಕಿರುವುದರಿಂದ ತೀರ್ಥಹಳ್ಳಿಯವರ ನೆತ್ತಿಯ ಮೇಲೆಯೇ ಹಾದುಹೋಗುತ್ತವೆ. ದಿಗಂತದ ಮಂಜೂ ಇಲ್ಲ, ಮರದ ಅಡ್ಡಿಯೂ ಇಲ್ಲ, ವಾತಾವರಣದ ಪದರ ಅತ್ಯಂತ ತೆಳು. ಎಂ 84ರಿಂದ ಶುರುವಾಗಿ ಬಾಗಿದ ಸಾಲಾಗಿ ಸಾಗುವ 'ಮಾರ್ಕೇರಿಯನ್ ಸರಪಳಿ'ಯಲ್ಲಿ 60 ಪಟ್ಟು ಹಿಗ್ಗಿಸಿದಾಗ ಒಂದೇ ನೋಟದಲ್ಲಿ ಐದಾರು ಗೆಲಾಕ್ಸಿಗಳನ್ನು ಎಣಿಸಬಹುದು. ತೊಡಕು ಏನೆಂದರೆ ಡಾಬ್ಸೋನಿಯನ್ ಪೀಠ ನೆತ್ತಿಯ ಬಿಂದುವಿನಲ್ಲಿಯೇ ಒರಟಾಗುತ್ತದೆ. ಕೊಳವೆ ನೆಟ್ಟಗೆ ನಿಂತಾಗ ಅಕ್ಕಪಕ್ಕಕ್ಕೆ ತಿರುಗಿಸಲು ಹಿಡಿತವೇ ಸಿಗುವುದಿಲ್ಲ. ಮಾರ್ಚ್ ಕೊನೆಯಲ್ಲಿ ರಾತ್ರಿ ಹನ್ನೆರಡೂವರೆಯ ಸುಮಾರಿಗೆ ಅವು ನೆತ್ತಿಗೆ ಬರುತ್ತವೆ, ಹಾಗಾಗಿ ಹನ್ನೊಂದು ಗಂಟೆಗೋ ಎರಡು ಗಂಟೆಗೋ ನೋಡುವುದು ಜಾಣತನ.

ಫಿಲ್ಟರುಗಳ ಬಗ್ಗೆ ಒಂದು ಮಾತು. ಯುಎಚ್‌ಸಿ ಅಥವಾ ಓ-3 ಫಿಲ್ಟರು ಮುಖ್ಯವಾಗಿ ಆಮ್ಲಜನಕದ ಬೆಳಕನ್ನು ಒಳಬಿಟ್ಟು ಉಳಿದದ್ದರಲ್ಲಿ ಬಹುಪಾಲನ್ನು ತಡೆಯುವುದರಿಂದ ಹೊಳೆಯುವ ಅನಿಲದ ನೀಹಾರಿಕೆಗಳು ಎದ್ದು ಕಾಣುತ್ತವೆ. ಗೆಲಾಕ್ಸಿಯ ಬೆಳಕು ನಕ್ಷತ್ರಗಳ ಬೆಳಕಾದ್ದರಿಂದ ಅಲ್ಲಿ ಅವು ನಿರುಪಯೋಗಿ. ಕೊಳ್ಳುವುದಿದ್ದರೆ ಯುಎಚ್‌ಸಿ ಒಂದೇ ಸಾಕು.

12 ಇಂಚೇ ಬೇಕೆ ಎಂಬುದನ್ನು ಇನ್ನೊಮ್ಮೆ ಯೋಚಿಸಿ. ಡಾಬ್ಸೋನಿಯನ್ ಪೀಠವನ್ನು ಜನಪ್ರಿಯಗೊಳಿಸಿದ ಜಾನ್ ಡಾಬ್ಸನ್ 1944ರಿಂದ 1967ರವರೆಗೆ ಅಮೆರಿಕದಲ್ಲಿ ವೇದಾಂತ ಸೊಸೈಟಿಯ ಮಠದಲ್ಲಿದ್ದವರು. ಹಡಗಿನ ಕಿಟಕಿಯ ಗಾಜನ್ನು ಉಜ್ಜಿ ಕನ್ನಡಿ ಮಾಡಿ, ಪ್ಲೈವುಡ್ ಮತ್ತು ರಟ್ಟಿನ ಕೊಳವೆಯಲ್ಲಿ ಕೂರಿಸಿ, ಬೀದಿಯಲ್ಲಿ ಹೋಗುವವರಿಗೆಲ್ಲ ಆಕಾಶ ತೋರಿಸುತ್ತಿದ್ದವರು. ಅಗ್ಗವಾಗಿ, ಸರಳವಾಗಿ, ಎತ್ತಿಕೊಂಡು ಹೋಗುವಂತಿರಬೇಕು ಎಂಬುದೇ ಆ ವಿನ್ಯಾಸದ ತಿರುಳು. ಗಟ್ಟಿ ಕೊಳವೆಯ 12 ಇಂಚಿನದು ಪೀಠ ಸೇರಿ 40 ಕೆ.ಜಿ.ಯ ಆಸುಪಾಸು ತೂಗುತ್ತದೆ. ಗುಡ್ಡ ಹತ್ತಿಸಲು ಇಬ್ಬರು ಬೇಕು, ಬೆಳಗಿನ ಜಾವ ಇಳಿಸಲೂ ಅದೇ ಇಬ್ಬರು ಬೇಕು. ನೀವು ಊರಿಗೆ ಬರುವುದು ರಜೆಯಲ್ಲಿ, ಹೆಚ್ಚಾಗಿ ಒಬ್ಬರೇ ಎಂದು ಬರೆದಿದ್ದೀರಿ. ಹಾಗಿದ್ದರೆ 10 ಇಂಚಿನದನ್ನು ಕೊಳ್ಳಿ, ಇಲ್ಲವೇ ಬಿಡಿಭಾಗಗಳಾಗಿ ಕಳಚುವ ಟ್ರಸ್ ಮಾದರಿಯ 12 ಇಂಚನ್ನು ಆರಿಸಿಕೊಳ್ಳಿ. ಎರಡನೆಯದಾದರೆ ಪ್ರತಿ ಸಲವೂ ಜೋಡಿಸಿದ ಮೇಲೆ ಕನ್ನಡಿಗಳ ಹೊಂದಾಣಿಕೆ ಸರಿಮಾಡಿಕೊಳ್ಳಬೇಕು, ಟ್ರಸ್ಸಿಗೆ ಕಪ್ಪು ಬಟ್ಟೆಯ ಹೊದಿಕೆ ಹೊಲಿಸಬೇಕು. ಅದಿಲ್ಲದಿದ್ದರೆ ಇಬ್ಬನಿ ನೇರವಾಗಿ ಒಳಗೆ ಇಳಿಯುತ್ತದೆ. ಎರಡರಲ್ಲಿಯೂ ಕನ್ನಡಿ ಹೊರಗಿನ ಚಳಿಗೆ ಹೊಂದಿಕೊಳ್ಳಲು ಒಂದು ಗಂಟೆ ಮೊದಲೇ ಹೊರಗಿಡಬೇಕು.

ಮೋಟಾರಿನ ಪ್ರಶ್ನೆ ಕೊನೆಯದು. 150 ಪಟ್ಟು ಹಿಗ್ಗಿಸಿದಾಗ ಸಾಮಾನ್ಯ ಐಪೀಸಿನಲ್ಲಿ ಕಾಣುವುದು ಒಂದು ಡಿಗ್ರಿಯ ಮೂರನೆಯ ಒಂದು ಭಾಗದಷ್ಟು ಆಕಾಶ. ಖಗೋಳದ ಸಮಭಾಜಕದ ಸಮೀಪದ ವಸ್ತು ಅದನ್ನು ಒಂದೂವರೆ ನಿಮಿಷದೊಳಗೆ ದಾಟಿಬಿಡುತ್ತದೆ. ಒಬ್ಬರೇ ನೋಡುವಾಗ ಕೈಯಿಂದ ಮೆಲ್ಲಗೆ ತಳ್ಳುತ್ತಾ ಹೋಗುವುದು ಕೆಲವೇ ದಿನಗಳಲ್ಲಿ ರೂಢಿಯಾಗುತ್ತದೆ. ಮನೆಮಂದಿಯೆಲ್ಲ ಸಾಲಾಗಿ ನಿಂತು ನೋಡುವುದಾದರೆ ಪ್ರತಿಯೊಬ್ಬರಿಗೂ ಮತ್ತೆ ಗುರಿ ಹಿಡಿದುಕೊಡಬೇಕು, ಆಗ ಮೋಟಾರು ಅನುಕೂಲವೆನಿಸುತ್ತದೆ. ಆದರೆ ನಮ್ಮ ತೇವದಲ್ಲಿ ಸರ್ಕ್ಯೂಟ್ ಬೋರ್ಡು ಕೆಟ್ಟರೆ ರಿಪೇರಿಗೆ ಶಿವಮೊಗ್ಗದಲ್ಲಿಯೂ ಕಷ್ಟ, ಬೆಂಗಳೂರಿಗೇ ಹೊತ್ತೊಯ್ಯಬೇಕಾದೀತು. ಮೊದಲ ಹಂಗಾಮಿಗೆ ಮೋಟಾರಿಲ್ಲದ್ದನ್ನೇ ತೆಗೆದುಕೊಳ್ಳಿ. ಉಳಿದ ಹಣದಲ್ಲಿ ಅಗಲ ನೋಟದ ಒಂದು ಒಳ್ಳೆಯ 25 ಮಿಲಿಮೀಟರ್ ಐಪೀಸ್, ಓರೆಗನ್ನಡಿಗೆ ಹೀಟರ್, ಕುಳಿತು ನೋಡಲು ಎತ್ತರ ಬದಲಿಸಬಹುದಾದ ಸ್ಟೂಲು ಇಷ್ಟೂ ಬರುತ್ತವೆ. ನವೆಂಬರ್ ಅಮಾವಾಸ್ಯೆಯ ಹೊತ್ತಿಗೆ ಕೈಗೆ ಸಿಗುವಂತೆ ದೀಪಾವಳಿಗೆ ಮೊದಲೇ ಆರ್ಡರ್ ಮಾಡಿ.